ಮಳೆಗೆ ಮುನ್ನ ಮನೆಯ ತಂತಿಗಳನ್ನೊಮ್ಮೆ ನೋಡಿ

ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುತ್ತೀರಿ, ಚರಂಡಿ ಬಿಡಿಸುತ್ತೀರಿ, ಸೌದೆ ಒಳಗಿಡುತ್ತೀರಿ. ಜೊತೆಗೆ ಇನ್ನೊಂದು ಕೆಲಸವನ್ನೂ ಸೇರಿಸಿಕೊಳ್ಳಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಬಟ್ಟೆ ಒಣಹಾಕಲು ಕಟ್ಟಿರುವ ಕಬ್ಬಿಣದ ತಂತಿಯನ್ನು ಬಿಚ್ಚಿ. ಅಲ್ಲಿ ನೈಲಾನ್ ಹಗ್ಗ ಕಟ್ಟಿ.

ಇಷ್ಟು ಸಣ್ಣ ಕೆಲಸಕ್ಕೆ ಮನವಿ ಏಕೆ ಎನಿಸಬಹುದು. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್ ವರ್ಷಗಟ್ಟಲೆ ಬಿಸಿಲು ಕಾಯುತ್ತದೆ. ಅದರ ಪ್ಲಾಸ್ಟಿಕ್ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ಗಾಳಿ ಬೀಸಿದಾಗಲೆಲ್ಲ ಚಾವಣಿಯ ತಗಡಿನ ಅಂಚಿಗೆ ಉಜ್ಜಿ ಒಳಗಿನ ಅಲ್ಯೂಮಿನಿಯಂ ಕಾಣಿಸಿಕೊಳ್ಳುತ್ತದೆ. ಆ ತಗಡಿಗೇ ಬಟ್ಟೆಯ ತಂತಿ ಕಟ್ಟಿದ್ದರೆ, ಕರೆಂಟು ಒದ್ದೆ ಸೀರೆ ಹರವುವ ಕೈಯವರೆಗೂ ಬರುತ್ತದೆ. ಹೀಗೆ ಹೋದ ಜೀವಗಳ ಸುದ್ದಿಯನ್ನು ತಾವೂ ಪತ್ರಿಕೆಗಳಲ್ಲಿ ಓದಿರುತ್ತೀರಿ.

ವಾಹಕ, ಅವಾಹಕಗಳ ಪಾಠ ಶಾಲೆಯಲ್ಲಿ ಆಗಿದೆ. ಲೋಹಗಳಲ್ಲಿ ಕೆಲವು ಎಲೆಕ್ಟ್ರಾನುಗಳು ಬಿಡುವಾಗಿ ಓಡಾಡಿಕೊಂಡಿರುತ್ತವೆ. ಪಿಂಗಾಣಿ, ಗಾಜು, ರಬ್ಬರುಗಳಲ್ಲಿ ಅವಕ್ಕೆ ಆ ಬಿಡುವಿಲ್ಲ. 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಅವರು ಸೆಣಬಿನ ದಾರವನ್ನು ರೇಷ್ಮೆ ಎಳೆಗಳಿಂದ ತೂಗುಹಾಕಿ ವಿದ್ಯುತ್ತನ್ನು ದೂರ ಸಾಗಿಸಿದರು. ರೇಷ್ಮೆ ಹರಿದಾಗ ಅದರ ಬದಲು ತೆಳು ಹಿತ್ತಾಳೆ ತಂತಿ ಕಟ್ಟಿದರು. ವಿದ್ಯುತ್ತು ಮುಂದೆ ಹೋಗದೆ ಹಿತ್ತಾಳೆಯ ಮೂಲಕ ಸೋರಿಹೋಯಿತು. ಎಳೆ ಎಷ್ಟು ತೆಳು ಎಂಬುದಲ್ಲ, ಯಾವುದರದು ಎಂಬುದೇ ಮುಖ್ಯವೆಂದು ಅಂದು ಗೊತ್ತಾಯಿತು. ಹಗ್ಗ ಕಟ್ಟಿ ಎಂದು ನಾನು ಕೇಳುವುದೂ ಅದಕ್ಕೇ.

ಆದರೆ ಅವಾಹಕ ಎಂದೆಂದಿಗೂ ಅವಾಹಕವಾಗಿಯೇ ಉಳಿಯುತ್ತದೆ ಎಂದು ನಂಬಬೇಡಿ. ಒಣ ಮರ ಕರೆಂಟನ್ನು ತಡೆಯುತ್ತದೆ, ನೆನೆದ ಮರ ಬಿಟ್ಟುಕೊಡುತ್ತದೆ. ನೀರಿನಲ್ಲಿ ಕರಗಿರುವ ಲವಣಗಳೇ ಇದಕ್ಕೆ ಕಾರಣ. ನಮ್ಮ ದೇಹವೂ ಹಾಗೆಯೇ. ಒಣ ಚರ್ಮದ ತಡೆ 1 ಲಕ್ಷ ಓಮ್‌ವರೆಗೂ ಇರಬಹುದು, ಒದ್ದೆಯಾದಾಗ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಆಗ ಮನೆಯ 230 ವೋಲ್ಟ್ ಸಾಕು, ಹೃದಯದ ಬಡಿತ ಕೆಡಿಸಲು. ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಬೇಡಿ ಎಂದು ಹಿರಿಯರು ಹೇಳುವ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ.

ವಿದ್ಯುತ್ ಕಂಬದ ಸ್ಟೇ ವಯರನ್ನು ಗಮನಿಸಿದ್ದೀರಾ? ನೆಲಕ್ಕೆ ಎಳೆದು ಕಟ್ಟಿದ ಆ ತಂತಿಯ ನಡುವೆ ಮೊಟ್ಟೆಯಾಕಾರದ ಒಂದು ಪಿಂಗಾಣಿ ಗುಂಡು ಇರುತ್ತದೆ. ಮೇಲಿನ ತುಂಡಿಗೆ ಕರೆಂಟು ತಗುಲಿದರೂ ಕೆಳಗೆ ಇಳಿಯದಂತೆ ತಡೆಯುವುದು ಅದೇ. ಗುಂಡು ಒಡೆದಿದ್ದರೆ, ಬಳ್ಳಿ ಹಬ್ಬಿ ಅದನ್ನು ದಾಟಿದ್ದರೆ, ಆ ಕಾವಲು ಹೋದಂತೆಯೇ. ದಯಮಾಡಿ ದನಕರುಗಳನ್ನು ಅಲ್ಲಿ ಕಟ್ಟಬೇಡಿ. ಬಳ್ಳಿ ಕೀಳಲು ತಾವೇ ಕೈಹಾಕಬೇಡಿ, ಲೈನ್‌ಮ್ಯಾನ್‌ಗೆ ತಿಳಿಸಿ.

ಸಾಧ್ಯವಿದ್ದವರು ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ. ಆ ಖರ್ಚು ಈಗ ಆಗದವರು ಬಟ್ಟೆಯ ತಂತಿಯನ್ನಾದರೂ ಬದಲಿಸಿ. ಪಕ್ಕದ ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಅವರ ಹಿತ್ತಲಿಗೂ ಒಂದು ಹಗ್ಗ ಕಟ್ಟಿಕೊಡಿ.

ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಹಿಡಿಯಬೇಡಿ. ಕೈ ಎಳೆಯುವುದು ಪ್ರೀತಿಯೇ, ಆದರೆ ಆ ಪ್ರೀತಿಯಲ್ಲಿ ಎರಡನೆಯ ಜೀವವೂ ಹೋಗುತ್ತದೆ. ಮೊದಲು ಮೇನ್ ಸ್ವಿಚ್ ಆರಿಸಿ. ಬೀದಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ದೂರವೇ ನಿಲ್ಲಿ, ದಾರಿಹೋಕರನ್ನೂ ತಡೆಯಿರಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಈ ಸಂಖ್ಯೆಯನ್ನು ಇಂದೇ ಮನೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೂ ಬೀಳುವಂತೆ ದೊಡ್ಡದಾಗಿ ಬರೆದಿಡಿ.