ಕೆರೆ ಸಂರಕ್ಷಣಾ ಸಂಘಗಳ ದ್ರವ್ಯವ್ಯವಸ್ಥೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಗ್ರಾಮಪ್ರಮುಖರಿಗೂ ಭೂಮಾಲೀಕರಿಗೂ ನೀರಿನ ಬೆಲೆಯನ್ನು ಹೊಸದಾಗಿ ತಿಳಿಸತಕ್ಕ ಅವಶ್ಯಕತೆಯಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಬೀಳುವ ಈ ಸೀಮೆಯಲ್ಲಿ, ಕಾಲುವೆಯ ನೀರು ಮುಟ್ಟದ ಅನೇಕ ಹಳ್ಳಿಗಳಿಗೆ ಕೆರೆಯೇ ಆಧಾರವು. ಕಾಲುವೆಯ ನೀರುಳ್ಳವರೂ ನಿಶ್ಚಿಂತರಲ್ಲ. 133 ಟಿ.ಎಂ.ಸಿ. ನೀರು ಹಿಡಿಯುವಂತೆ ಕಟ್ಟಿದ ತುಂಗಭದ್ರಾ ಜಲಾಶಯವು ಹೂಳು ತುಂಬಿದುದರಿಂದ ಈಗ ಸುಮಾರು 105 ಟಿ.ಎಂ.ಸಿ.ಯಷ್ಟನ್ನೇ ಹಿಡಿಯುತ್ತದೆ. 2024ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅದರ 19ನೆಯ ಗೇಟಿನ ಸರಪಳಿ ಕಡಿದು ನೀರು ವ್ಯರ್ಥವಾಗಿ ಹರಿದುಹೋದುದನ್ನು ಯಾರೂ ಮರೆತಿರಲಾರರು. ಆದಕಾರಣ ಊರವರೇ ಸ್ವಂತ ಇಚ್ಛೆಯಿಂದ ಸಂಘ ಕಟ್ಟಿಕೊಂಡು ಕೆರೆಗಳ ಹೂಳೆತ್ತಿಸುವುದು ಸ್ತುತ್ಯವಾದ ಕಾರ್ಯವು. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ 2019ರಲ್ಲಿ ಗವಿಮಠದ ಸ್ವಾಮಿಗಳವರ ನೇತೃತ್ವದಲ್ಲಿ ಜನರು ಕೂಡಿ ಹಿರೇಹಳ್ಳವನ್ನು ಶುದ್ಧಗೊಳಿಸಿದುದು ಇದಕ್ಕೆ ಉತ್ತಮ ನಿದರ್ಶನ.

ಆದರೆ ಮೊದಲನೆಯ ಬೇಸಗೆಯಲ್ಲಿ ಕಾಣುವ ಉತ್ಸಾಹವು ಮೂರನೆಯ ಬೇಸಗೆಯವರೆಗೆ ಉಳಿಯುವುದು ಅಪರೂಪ. ಹಣದ ಅಭಾವವೇ ಇದಕ್ಕೆ ಕಾರಣವೆಂದು ಹಲವರು ಹೇಳುವರು. ನನ್ನ ಅಭಿಪ್ರಾಯದಲ್ಲಿ ಹಣಕ್ಕಿಂತ ಮೊದಲು ನಂಬಿಕೆಯು ಬತ್ತುತ್ತದೆ. ಕೂಲಿಕಾರನು ಒಂದು ದಿನದ ದುಡಿಮೆಯನ್ನೇ ವಂತಿಗೆಯಾಗಿ ಕೊಟ್ಟಿರುತ್ತಾನೆ. ಅದು ಏನಾಯಿತೆಂಬುದನ್ನು ಯಾರೂ ಹೇಳದಿದ್ದರೆ ಮರುವರ್ಷ ಅವನು ಹಣವನ್ನೂ ಕೊಡುವುದಿಲ್ಲ, ಸಲಿಕೆಯನ್ನೂ ಹಿಡಿಯುವುದಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ದೂರದರ್ಶಿಗಳಾಗಿದ್ದರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂಬ ಮಾತುಗಳನ್ನು ನೋಡಿರಿ. ಕೆರೆಯನ್ನು ಕಟ್ಟಿಸಿದವರು ಅದರ ರಕ್ಷಣೆಗಾಗಿಯೂ ಭೂಮಿಯನ್ನೋ ಉತ್ಪನ್ನದ ಭಾಗವನ್ನೋ ಬೇರೆಯಾಗಿ ತೆಗೆದಿರಿಸುತ್ತಿದ್ದರು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನ ಯೋಜನಾ ಸಂಘವು ಕೆಲಸವನ್ನಾರಂಭಿಸಿ, ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಅನುದಾನವು ಒಂದು ದಿನ ಮುಗಿಯತಕ್ಕದ್ದೇ. ಕೆರೆಗೆ ಬರುವ ಹೂಳಾದರೋ ಪ್ರತಿ ಮಳೆಗಾಲವೂ ಬರುತ್ತಲೇ ಇರುವುದು.

ಆದುದರಿಂದ ಸಂಘಗಳು ಕೆಳಗಣ ಕ್ರಮಗಳನ್ನು ಅನುಸರಿಸತಕ್ಕದ್ದೆಂದು ಸೂಚಿಸುತ್ತೇನೆ.

ಮೊದಲನೆಯದಾಗಿ, ಸಂಘವನ್ನು 1960ನೆಯ ಇಸವಿಯ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಮೇರೆಗೆ ನೋಂದಾಯಿಸಿ, ಬ್ಯಾಂಕಿನಲ್ಲಿ ಸಂಘದ ಹೆಸರಿನಲ್ಲಿಯೇ ಖಾತೆ ತೆರೆದು, ಇಬ್ಬರ ಸಹಿಯಿಲ್ಲದೆ ಹಣ ತೆಗೆಯದಂತೆ ನಿಯಮಿಸಬೇಕು. ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆದು, ಪರಿಶೋಧಿತ ಲೆಕ್ಕವನ್ನು ನೋಂದಣಾಧಿಕಾರಿಗಳಿಗೆ ಒಪ್ಪಿಸುವುದು ಕಾನೂನಿನ ಕಟ್ಟಳೆಯೂ ಆಗಿದೆ. ಊರಿನ ಪ್ರಮುಖರು ಅಧ್ಯಕ್ಷರಾಗಲಿ. ಆದರೆ ನಗದು ಅವರ ಮನೆಯ ಪೆಟ್ಟಿಗೆಯಲ್ಲಿರಬಾರದು.

ಎರಡನೆಯದಾಗಿ, ಹೂಳೆತ್ತುವ ಹಣವನ್ನೂ ರಕ್ಷಣೆಯ ಹಣವನ್ನೂ ಬೇರೆ ಬೇರೆಯಾಗಿಡಬೇಕು. ಏರಿಯ ಮೇಲಣ ಜಾಲಿ ಕಡಿಯುವುದು, ತೂಬು ಮತ್ತು ಕೋಡಿಗಳ ದುರಸ್ತಿ, ಹಳ್ಳದ ಮುಖದಲ್ಲಿ ಹೂಳು ತಡೆಯುವ ಒಡ್ಡು, ಇವೆಲ್ಲ ರಕ್ಷಣಾನಿಧಿಯಿಂದ ನಡೆಯತಕ್ಕವು.

ಮೂರನೆಯದಾಗಿ, ಹೆಚ್ಚು ಫಲ ಹೊಂದುವವರು ಹೆಚ್ಚು ಕೊಡಬೇಕು. ಕೆರೆಯ ಗೋಡು ಮಸಬು ಭೂಮಿಗೆ ಸತ್ವವನ್ನೂ ತೇವವನ್ನು ಹಿಡಿದಿಡುವ ಶಕ್ತಿಯನ್ನೂ ಕೊಡುವುದು. ಅದನ್ನು ಒಯ್ಯುವವರು ಟ್ರ್ಯಾಕ್ಟರುಳ್ಳ ಭೂಮಾಲೀಕರೇ ಆಗಿರುವಾಗ, ಭೂಮಿಯಿಲ್ಲದವನಿಂದಲೂ ಸಮನಾದ ವಂತಿಗೆಯನ್ನು ಕೇಳುವುದು ನ್ಯಾಯವಲ್ಲ. ಕೆರೆಯ ಒಡೆತನವುಳ್ಳ ಪಂಚಾಯತಿಯ ಅಥವಾ ಸಣ್ಣ ನೀರಾವರಿ ಇಲಾಖೆಯ ಒಪ್ಪಿಗೆ ಪಡೆದು, ಗ್ರಾಮಸಭೆಯ ಠರಾವಿನ ಮೇರೆಗೆ ಹೇರಿಗೆ ಇಷ್ಟೆಂದು ವಂತಿಗೆ ಗೊತ್ತುಮಾಡಬಹುದು. ಉದಾಹರಣೆಗೆ ಹೇರಿಗೆ 30 ರೂಪಾಯಿಯಾದರೆ 2,000 ಹೇರುಗಳಿಗೆ 60,000 ರೂಪಾಯಿ ಕೂಡುವುದು. ಚಿಕ್ಕ ಕೆರೆಯ ರಕ್ಷಣಾನಿಧಿಗೆ ಇದು ಒಳ್ಳೆಯ ಆರಂಭ.

ನಾಲ್ಕನೆಯದಾಗಿ, ಯಂತ್ರ ನಡೆದ ಗಂಟೆಗಳು, ಸುರಿದ ಡೀಸೆಲ್, ಹೋದ ಹೇರುಗಳು, ಇವನ್ನು ಪ್ರತಿದಿನ ಸಂಜೆ ಇಬ್ಬರ ಸಮಕ್ಷಮದಲ್ಲಿ ಬರೆಯಬೇಕು. ದಾನವಾಗಿ ಬಂದ ಡೀಸೆಲನ್ನೂ, ಬಿಟ್ಟಿಯಾಗಿ ದುಡಿದ ಆಳುಗಳನ್ನೂ ಬೆಲೆಕಟ್ಟಿ ಲೆಕ್ಕಕ್ಕೆ ಸೇರಿಸಬೇಕು. ಬಡವರ ಕೊಡುಗೆಯು ಹೆಚ್ಚಾಗಿ ಈ ರೂಪದಲ್ಲಿಯೇ ಇರುವುದು. ತಿಂಗಳಿಗೊಮ್ಮೆ ಜಮಾಖರ್ಚನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಿ, ಓದುಬಾರದವರಿಗಾಗಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವನ್ನು ನಾವೆಲ್ಲರೂ ಬಲ್ಲೆವು. ಚಕ್ರವರ್ತಿಯಾದ ಅಶೋಕನೇ ತನ್ನ ಮಾತನ್ನು ಜನರು ತಿಳಿಯಲೆಂದು ಬಂಡೆಯ ಮೇಲೆ ಬರೆಯಿಸಿರಲು, ಸಂಘದ ಖರ್ಚನ್ನು ಗೋಡೆಯ ಮೇಲೆ ಬರೆಯಿಸಲು ಸಂಕೋಚವೇಕೆ?

ಊರೇ ನಂಬಿದ ಗೌಡರಿಂದ ಲೆಕ್ಕ ಕೇಳುವುದು ಮರ್ಯಾದೆಯೇ ಎಂದು ಕೆಲವರು ಆಕ್ಷೇಪಿಸಬಹುದು. ಪ್ರಾಮಾಣಿಕನಾದವನಿಗೆ ರಸೀದಿಯೇ ರಕ್ಷೆ. ಲೆಕ್ಕವಿಲ್ಲದ ಕಡೆ ಒಬ್ಬನ ಸಂಶಯದ ಮಾತು ಸಾಕು, ನಿಷ್ಕಳಂಕನ ಹೆಸರೂ ಕೆಡುವುದು, ಸಂಘವೂ ಒಡೆಯುವುದು.

ಆದಕಾರಣ ಗ್ರಾಮಪ್ರಮುಖರು ಬರುವ ಬೇಸಗೆಯಲ್ಲಿ ಯಂತ್ರವನ್ನು ಕೆರೆಗೆ ಇಳಿಸುವುದಕ್ಕೆ ಮೊದಲೇ ಊರವರನ್ನು ಕೂಡಿಸಿ, ಲೆಕ್ಕದ ಪುಸ್ತಕವನ್ನು ತೆರೆದು, ತಮ್ಮ ವಂತಿಗೆಯನ್ನೇ ಅದರ ಮೊದಲನೆಯ ಸಾಲಿನಲ್ಲಿ ಬರೆಯಿಸಬೇಕೆಂದು ಕೋರುತ್ತೇನೆ.