ಕಲ್ಲಿದ್ದಲ ಕಣಿವೆಯ ಕೊರಳು

ಕಂಠ ಇಂಪಾಗಿದ್ದರೆ ಮಾತ್ರ ಗಾಯನಕ್ಕೆ ಬೆಲೆ ಎಂಬುದು ಲೋಕರೂಢಿ. ಈ ರೂಢಿಗೆ ಒಗ್ಗದ, ನುಣುಪನ್ನರಿಯದ, ಕೇಳಿದವರ ಎದೆಯನ್ನು ಗರಗಸದಂತೆ ಕೊಯ್ಯುವ ಕಂಠವೊಂದು ಅಮೆರಿಕದ ಗಣಿಕಾರ್ಮಿಕರ ದುಃಖಕ್ಕೆ ನಾಲಗೆಯಾಯಿತು. ಅದು ಹೇಜಲ್ ಡಿಕನ್ಸ್ ಎಂಬ ಮಹಿಳೆಯ ಕಂಠ. ಆಕೆ ಹಾಡುಗಳನ್ನು ಕಟ್ಟಿದರು, ಹಾಡಿದರು. ಆದರೆ ಹಾಡಿಗಾಗಿ ತಮ್ಮ ಬಾಳನ್ನು ಮರೆಮಾಚಲಿಲ್ಲ. ಆಕೆಯ ಕಲೆಯ ಗುಟ್ಟೆಲ್ಲ ಇಷ್ಟೇ.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು ಅಪಲೇಚಿಯನ್ ಬೆಟ್ಟಗಳ ನಾಡು. ನೆಲದ ಮೇಲೆ ದಟ್ಟವಾದ ಕಾಡು, ನೆಲದೊಳಗೆ ಕಲ್ಲಿದ್ದಲು. ಅಲ್ಲಿನ ಮರ್ಸರ್ ಜಿಲ್ಲೆಯ ಮಾಂಟ್‌ಕಾಮ್ ಎಂಬ ಊರಿನ ಬಡ ಕುಟುಂಬವೊಂದರ 11 ಮಕ್ಕಳಲ್ಲಿ ಹೇಜಲ್ ಎಂಟನೆಯವರು. ತಂದೆ ಗಣಿಗಳಿಗೆ ಮರದ ದಿಮ್ಮಿಗಳನ್ನು ಸಾಗಿಸಿ ಸಂಸಾರ ನಡೆಸುತ್ತಿದ್ದವರು. ಜೊತೆಗೆ ಬ್ಯಾಪ್ಟಿಸ್ಟ್ ಪಂಥದ ಹಳೆಯ ಶಾಖೆಯೊಂದರ ಧರ್ಮಬೋಧಕರು. ಆ ಪಂಥದ ಪ್ರಾರ್ಥನಾ ಮಂದಿರದಲ್ಲಿ ವಾದ್ಯಗಳಿಗೆ ಪ್ರವೇಶವಿಲ್ಲ. ಶ್ರುತಿಪೆಟ್ಟಿಗೆಯ ಆಸರೆಯೂ ಇಲ್ಲದೆ ಭಕ್ತರು ಗಂಟಲೆತ್ತಿ ಹಾಡಬೇಕು. ಹೇಜಲ್‌ಗೆ ದೊರೆತ ಸಂಗೀತ ಶಿಕ್ಷಣ ಅದೊಂದೇ. ಮುಂದೆ ನಗರ ಸೇರಿದ ಮೇಲೂ ಆಕೆ ಆ ಹಾಡುಗಾರಿಕೆಯನ್ನು ತಿದ್ದಿ ನಯಗೊಳಿಸಿಕೊಳ್ಳಲು ಹೋಗಲಿಲ್ಲ.

1950ರ ದಶಕದ ಆರಂಭದಲ್ಲಿ ಹೊಟ್ಟೆಪಾಡು ಆಕೆಯನ್ನು ಬಾಲ್ಟಿಮೋರ್ ನಗರಕ್ಕೆ ಎಳೆದೊಯ್ದಿತು. ಬೆಟ್ಟದ ನಾಡಿನಿಂದ ಬಂದವರೆಂದರೆ ನಗರವಾಸಿಗಳಿಗೆ ಅಸಡ್ಡೆ. ಅವರ ಮಾತು, ಉಡುಪು, ನಡವಳಿಕೆ ಎಲ್ಲವೂ ನಗೆಯ ವಸ್ತು. ಹಗಲೆಲ್ಲ ಕಾರ್ಖಾನೆಯ ದುಡಿಮೆ; ಬಿಡುವಿನ ವೇಳೆಯಲ್ಲಿ, ತಮ್ಮಂತೆಯೇ ಊರು ಬಿಟ್ಟು ಬಂದವರ ನಡುವೆ ಹಾಡು. ಆಕೆಯ ಸೋದರರೊಬ್ಬರು ಕ್ಷಯರೋಗಕ್ಕೆ ತುತ್ತಾಗಿ ಆರೋಗ್ಯಧಾಮವನ್ನು ಸೇರಿದ್ದರು. ಅಲ್ಲಿ ಕೆಲಸಕ್ಕಿದ್ದ ಮೈಕ್ ಸೀಗರ್ ಎಂಬ ತರುಣ ಜಾನಪದ ಸಂಗೀತದ ಬೆನ್ನು ಹತ್ತಿದವನು. ಆತನ ಪರಿಚಯದಿಂದ ಹೇಜಲ್‌ಗೆ ಸಂಗೀತಗಾರರ ಹೊಸ ಬಳಗವೊಂದು ದೊರೆಯಿತು.

ಈ ಬಳಗಕ್ಕೆ ಪ್ರಿಯವಾಗಿದ್ದುದು 'ಬ್ಲೂಗ್ರಾಸ್' ಸಂಗೀತ. 1940ರ ದಶಕದಲ್ಲಿ ಕೆಂಟಕಿಯ ಬಿಲ್ ಮನ್ರೋ ಇದಕ್ಕೆ ರೂಪು ಕೊಟ್ಟರು. ಅವರ ತಂಡದ 'ಬ್ಲೂ ಗ್ರಾಸ್ ಬಾಯ್ಸ್' ಎಂಬ ಹೆಸರೇ ಈ ಸಂಗೀತಕ್ಕೂ ಅಂಟಿಕೊಂಡಿತು. ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೋ, ಗಿಟಾರ್ ಇವುಗಳ ಮಿಂಚಿನ ವೇಗದ ನುಡಿಸಾಣಿಕೆ. ಅದರ ಮೇಲೆ ಎತ್ತರದ ಶ್ರುತಿಯ ಗಾಯನ. 'ಬಾಯ್ಸ್' ಎಂದರೆ ಹುಡುಗರು. ಆ ಹೆಸರಿಗೆ ತಕ್ಕಂತೆ ಈ ಸಂಗೀತದ ವೇದಿಕೆ ಬಹುಕಾಲ ಗಂಡಸರದೇ ಆಗಿತ್ತು. ಹೆಂಗಸರು ಕೇಳುಗರ ಸಾಲಿನಲ್ಲಿ ಇರಬೇಕಾದವರು ಎಂಬುದೇ ಸಾಮಾನ್ಯ ಭಾವನೆ.

ಆ ಭಾವನೆಯನ್ನು ಹೇಜಲ್ ಒಬ್ಬರೇ ಮುರಿಯಲಿಲ್ಲ. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಈ ಸಂಗೀತದ ಮೋಹಕ್ಕೆ ಸಿಲುಕಿದ್ದ ಆಲಿಸ್ ಜೆರಾರ್ಡ್ ಜೊತೆಗೂಡಿದರು. ಒಬ್ಬರು ಗಣಿನಾಡಿನ ಬಡವರ ಮನೆಯ ಮಗಳು, ಇನ್ನೊಬ್ಬರು ಕಾಲೇಜು ಕಂಡವರು. ಕೊರಳುಗಳು ಮಾತ್ರ ಒಡಹುಟ್ಟಿದವರವುಗಳಂತೆ ಬೆರೆತವು. 1965ರಲ್ಲಿ ಫೋಕ್‌ವೇಸ್ ಸಂಸ್ಥೆಯು ಇವರ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. ಇಬ್ಬರು ಸ್ತ್ರೀಯರು ಮುಂದೆ ನಿಂತು ಬ್ಲೂಗ್ರಾಸ್ ತಂಡವನ್ನು ನಡೆಸುವುದು ಆ ಕಾಲಕ್ಕೆ ಅಪೂರ್ವ ಸಂಗತಿ. ಸ್ವತಃ ಬಿಲ್ ಮನ್ರೋ ತಮ್ಮದೊಂದು ಹಾಡನ್ನು ಇವರಿಗೆ ಹಾಡಲು ಕೊಟ್ಟರು. 1973ರಲ್ಲಿ ರೌಂಡರ್ ಸಂಸ್ಥೆಯಿಂದ 'ಹೇಜಲ್ ಅಂಡ್ ಆಲಿಸ್' ಮುದ್ರಿಕೆ ಬಂದಿತು. ಅದೇ ಮುದ್ರಿಕೆಯಲ್ಲಿ 'ಪ್ರಿಟಿ ಬರ್ಡ್' ಎಂಬ ತಮ್ಮ ರಚನೆಯನ್ನು ಹೇಜಲ್ ಯಾವ ವಾದ್ಯದ ನೆರವೂ ಇಲ್ಲದೆ ಹಾಡಿದ್ದಾರೆ. ತಂದೆಯ ಪ್ರಾರ್ಥನಾ ಮಂದಿರದ ಆ ಹಳೆಯ ಪದ್ಧತಿಯೇ ಅಲ್ಲಿ ಕೇಳಿಬರುತ್ತದೆ.

ಈ ವೇಳೆಗೆ ಹೇಜಲ್ ಅವರ ಲೇಖನಿ ಬೇರೊಂದು ದಾರಿ ಹಿಡಿದಿತ್ತು. ಆಕೆಯ ಸೋದರ ಥರ್ಮನ್ ಗಣಿಯಲ್ಲಿ ದುಡಿದು, ವರ್ಷಗಟ್ಟಲೆ ಸೇವಿಸಿದ ಕಲ್ಲಿದ್ದಲ ಧೂಳಿನಿಂದ ಪುಪ್ಪುಸಗಳು ಗಟ್ಟಿಯಾಗಿ, ಉಸಿರಿಗಾಗಿ ಒದ್ದಾಡಿ ತೀರಿಕೊಂಡರು. ಗಣಿಯ ಜನ ಈ ರೋಗವನ್ನು 'ಬ್ಲ್ಯಾಕ್ ಲಂಗ್', ಅಂದರೆ ಕಪ್ಪು ಶ್ವಾಸಕೋಶ, ಎಂದು ಕರೆಯುತ್ತಾರೆ. ಹೇಜಲ್ ಅದೇ ಹೆಸರಿನಲ್ಲಿ ಹಾಡು ಕಟ್ಟಿದರು. ಅದರ ಕೊನೆಯಲ್ಲಿ ಗಣಿಯ ಯಜಮಾನ ಸ್ಮಶಾನಕ್ಕೆ ಬರುತ್ತಾನೆ. ಅವನ ಕೈಯಲ್ಲಿ ಸಣ್ಣದೊಂದು ಹೂಗೊಂಚಲು. ಒಂದು ಜೀವಮಾನದ ದುಡಿಮೆಗೆ ಸಂದ ಬೆಲೆ ಅದು. ಬೈಗುಳವೊಂದೂ ಬೇಕಿಲ್ಲ, ಆ ಹೂವೇ ಎಲ್ಲವನ್ನೂ ಹೇಳುತ್ತದೆ.

1968ರ ನವೆಂಬರ್ 20ರಂದು ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್ಟನ್ ಬಳಿಯ ಗಣಿಯಲ್ಲಿ ಭಾರಿ ಸ್ಫೋಟ ಸಂಭವಿಸಿತು. ಒಳಗಿದ್ದ 99 ಮಂದಿಯಲ್ಲಿ 21 ಜನ ಪಾರಾದರು. 78 ಜನ ಮಡಿದರು. ಅವರಲ್ಲಿ 19 ಮಂದಿಯ ದೇಹಗಳು ಮನೆಯವರಿಗೆ ದೊರೆಯಲೇ ಇಲ್ಲ. ಈ ದುರಂತವನ್ನೂ ಹೇಜಲ್ ಹಾಡಾಗಿಸಿದರು. ಮರುವರ್ಷ ಆ ರಾಜ್ಯದ ಸುಮಾರು 40,000 ಗಣಿಕಾರ್ಮಿಕರು ಶ್ವಾಸಕೋಶದ ರೋಗಕ್ಕೆ ಪರಿಹಾರ ಕೇಳಿ ಮುಷ್ಕರ ಹೂಡಿದರು. 1969ರ ಅಂತ್ಯದಲ್ಲಿ ಗಣಿಕಾರ್ಮಿಕರ ಆರೋಗ್ಯ ಮತ್ತು ಸುರಕ್ಷತೆಯ ಕಾನೂನು ಇಡೀ ದೇಶಕ್ಕೆ ಅನ್ವಯವಾಗುವಂತೆ ಬಂದಿತು. ಕಾನೂನನ್ನು ತಂದದ್ದು ಹೋರಾಟ, ಹಾಡಲ್ಲ. ಆದರೆ ಆ ಹೋರಾಟದ ಹಿಂದಿನ ನೋವನ್ನು ಗಣಿಯ ಮುಖವನ್ನೇ ಕಾಣದವರ ಮನೆಬಾಗಿಲಿಗೆ ಒಯ್ದದ್ದು ಇಂಥ ಹಾಡುಗಳೇ.

ಕೆಂಟಕಿಯ ಹಾರ್ಲನ್ ಜಿಲ್ಲೆಯಲ್ಲಿ 1973ರಿಂದ 1974ರವರೆಗೆ ನಡೆದ ಗಣಿ ಮುಷ್ಕರವನ್ನು ಕುರಿತು ಬಾರ್ಬರಾ ಕೋಪಲ್ ಎಂಬ ನಿರ್ದೇಶಕಿ ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದರು. ಕಾರ್ಮಿಕರ ಹೆಂಡಂದಿರೇ ಬೀದಿಗಿಳಿದು ದಾರಿ ತಡೆದ ಆ ಮುಷ್ಕರದ ಕಥೆಗೆ ಹೇಜಲ್ ಅವರ ಹಾಡುಗಳು ಉಸಿರಾದವು. 1976ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಲಭಿಸಿತು. ಅದೇ ವರ್ಷ ಆಲಿಸ್ ಜೊತೆಗಿನ ಜೋಡಿ ಬೇರ್ಪಟ್ಟಿತು. ಹೇಜಲ್ ಒಂಟಿಯಾಗಿಯೇ ಮುಂದುವರಿದರು. 1987ರ 'ಮೇಟ್‌ವಾನ್' ಎಂಬ ಚಲನಚಿತ್ರದ ಶವಸಂಸ್ಕಾರದ ದೃಶ್ಯದಲ್ಲಿ ಆಕೆಯೇ ನಿಂತು ಹಾಡುವುದನ್ನು ಕಾಣಬಹುದು.

ಗಣಿಯ ಗಂಡಸರ ಕಷ್ಟವನ್ನು ಹಾಡಿದ ಆಕೆ ಹೆಂಗಸರ ಕಷ್ಟವನ್ನು ಮರೆಯಲಿಲ್ಲ. ಕೂಲಿಗೆ ದುಡಿಯುವ ಹೆಣ್ಣಿನ ಬೇಸರವನ್ನು ಕುರಿತು 'ವರ್ಕಿಂಗ್ ಗರ್ಲ್ ಬ್ಲೂಸ್' ಬರೆದರು. ಮದ್ಯದಂಗಡಿಯಲ್ಲಿ ಕುಳಿತ ಹೆಂಗಸನ್ನು ಹೀಯಾಳಿಸುವ ಗಂಡಸರಿಗೆ, ಆಕೆಯನ್ನು ಅಲ್ಲಿಗೆ ತಂದು ಕೂರಿಸಿದವರಲ್ಲಿ ನೀವೂ ಸೇರಿದ್ದೀರಿ ಎಂದು ಮತ್ತೊಂದು ಹಾಡಿನಲ್ಲಿ ನೇರವಾಗಿ ನುಡಿದರು. ಗಂಡಸರ ಸಂಗೀತವೆನಿಸಿದ್ದ ಬ್ಲೂಗ್ರಾಸ್‌ನೊಳಗೆ ನಿಂತು ಹೀಗೆ ನುಡಿಯಲು ಎದೆಗಾರಿಕೆ ಬೇಕು. ಸ್ವಭಾವತಃ ಸಂಕೋಚದ ಹೆಣ್ಣಾಗಿದ್ದ ಹೇಜಲ್‌ಗೆ ಆ ಎದೆಗಾರಿಕೆ ಹಾಡಿನಿಂದಲೇ ಬಂದಿತು.

ಮನ್ನಣೆ ತಡವಾಗಿಯಾದರೂ ಬಂದಿತು. 1999ರಲ್ಲಿ ಪ್ರಖ್ಯಾತ ಗಾಯಕಿ ಡಾಲಿ ಪಾರ್ಟನ್ ತಮ್ಮ ಬ್ಲೂಗ್ರಾಸ್ ಮುದ್ರಿಕೆಗೆ ಆಕೆಯ ಹಾಡೊಂದನ್ನು ಆರಿಸಿಕೊಂಡರು. 2001ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ರಾಷ್ಟ್ರೀಯ ಪರಂಪರಾ ಪುರಸ್ಕಾರವನ್ನು ನೀಡಿತು. 2011ರ ಏಪ್ರಿಲ್ 22ರಂದು ವಾಷಿಂಗ್ಟನ್ ನಗರದಲ್ಲಿ ಹೇಜಲ್ ಕಣ್ಣು ಮುಚ್ಚಿದರು. ಆರು ವರ್ಷಗಳ ತರುವಾಯ, 2017ರಲ್ಲಿ, ಬ್ಲೂಗ್ರಾಸ್ ಸಂಗೀತದ ಗೌರವ ಮಂದಿರವು ಹೇಜಲ್ ಮತ್ತು ಆಲಿಸ್ ಇಬ್ಬರ ಹೆಸರುಗಳನ್ನೂ ಒಟ್ಟಿಗೆ ಸೇರಿಸಿಕೊಂಡಿತು.

ಕಾಲ ಕಳೆದಂತೆ ಹಾಡಿನ ಸಂದರ್ಭ ಮಾಸಿ, ರಾಗ ಮಾತ್ರ ಉಳಿಯುವುದು ಸಾಮಾನ್ಯ. ಹೇಜಲ್ ಅವರ ಹಾಡಿಗೆ ಅಂಥ ನೆಮ್ಮದಿ ಇನ್ನೂ ದೊರೆತಿಲ್ಲ. 1969ರ ಕಾನೂನಿನ ನಂತರ ಇಳಿಮುಖವಾಗಿದ್ದ ಕಪ್ಪು ಶ್ವಾಸಕೋಶದ ರೋಗ 21ನೆಯ ಶತಮಾನದಲ್ಲಿ ಅದೇ ಬೆಟ್ಟಗಳ ನಾಡಿನಲ್ಲಿ ಮತ್ತೆ ತಲೆಯೆತ್ತಿ, ನಡುವಯಸ್ಸು ದಾಟದ ಕಾರ್ಮಿಕರನ್ನೂ ಹಿಡಿದಿದೆ. ಸೋದರನ ಸಾವಿಗೆ ಅತ್ತು ಕಟ್ಟಿದ ಆ ಹಾಡು ಹಳೆಯ ಕಾಲದ್ದೆಂದು ಹೇಳುವ ದಿನ ಬಂದಾಗಲೇ ಹಾಡಿದವಳ ಆಸೆ ಈಡೇರಿತೆನ್ನಬೇಕು.