ಗಾಳಿಯ ಸುಂಕವೂ ಮತದ ಪೆಟ್ಟಿಗೆಯೂ

ಅಧಿಕಾರದಲ್ಲಿದ್ದವರು ಮತ್ತೊಮ್ಮೆ ಮತ ಬೇಡಲು ಬಂದಾಗ ಅವರು ಏನೇನು ಕೊಡುವೆವೆನ್ನುತ್ತಾರೆಂಬುದನ್ನು ಎಲ್ಲರೂ ಕೇಳುವರು. ಮತ ಹೋದೀತೆಂಬ ಭಯವಿದ್ದರೂ ಕೈಬಿಡದ ಮಾತು ಯಾವದೆಂದು ಕೇಳುವವರು ಕಡಿಮೆ. ಲಂಡನ್ನಿನ ಮೇಯರರಾದ ಶ್ರೀ ಸಾದಿಕ್ ಖಾನರು 2024ನೆಯ ಇಸವಿಯ ಮೇ 2ರಂದು ಮೂರನೆಯ ಸಲ ಮತದಾರರ ಮುಂದೆ ನಿಂತ ಪ್ರಸಂಗವನ್ನು ನಾವು ಈ ಎರಡನೆಯ ದೃಷ್ಟಿಯಿಂದಲೇ ನೋಡಬಯಸುತ್ತೇವೆ.

ಆ ಚುನಾವಣೆಯಲ್ಲಿ ಎಲ್ಲಕ್ಕೂ ಹೆಚ್ಚು ವಾಗ್ವಾದಕ್ಕೆ ಗುರಿಯಾದದ್ದು ಹೊಗೆಯುಗುಳುವ ಹಳೆಯ ವಾಹನಗಳ ಮೇಲಿನ ಸುಂಕವು. 2019ರ ಏಪ್ರಿಲದಲ್ಲಿ ನಗರದ ನಡುಭಾಗಕ್ಕಷ್ಟೇ ಇದ್ದ ಈ ಕಟ್ಟಳೆಯನ್ನು 2021ರ ಅಕ್ಟೋಬರದಲ್ಲಿ ಹಿಗ್ಗಿಸಲಾಯಿತು; 2023ರ ಆಗಸ್ಟ್ 29ರಿಂದ ಅದು ಇಡೀ ಲಂಡನ್ನಿಗೆ ಹಬ್ಬಿತು. ನಿಯಮಕ್ಕೆ ಒಳಪಡದ ಕಾರನ್ನು ಬೀದಿಗಿಳಿಸಿದ ಪ್ರತಿ ದಿನಕ್ಕೂ ಹನ್ನೆರಡೂವರೆ ಪೌಂಡು. ಊರಂಚಿನಲ್ಲಿ ವಾಸಿಸುತ್ತ, ಹಳೆಯ ಡೀಸೆಲ್ ವ್ಯಾನಿನಲ್ಲಿ ಉಪಕರಣಗಳನ್ನು ಹೇರಿಕೊಂಡು ಕೆಲಸಕ್ಕೆ ಹೋಗುವ ನಳದ ಮೇಸ್ತ್ರಿಗೆ ಇದು ಸಣ್ಣ ಹೊರೆಯಲ್ಲ. ಅವನ ಕೂಗನ್ನು ಬರಿಯ ಪಕ್ಷದ್ವೇಷವೆಂದು ತಳ್ಳಿಹಾಕುವದು ಅನ್ಯಾಯವು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವದೇನು? 2013ರಲ್ಲಿ ಆಗ್ನೇಯ ಲಂಡನ್ನಿನ ಲೂಯಿಶಮ್ ಭಾಗದಲ್ಲಿ ಒಂಬತ್ತು ವರ್ಷದ ಬಾಲಿಕೆಯೊಬ್ಬಳು ಉಬ್ಬಸದಿಂದ ತೀರಿಕೊಂಡಳು. ವಾಹನಗಳ ಹೊಗೆಯಿಂದ ಕೆಟ್ಟ ಗಾಳಿಯೂ ಆ ಸಾವಿಗೆ ಒಂದು ಕಾರಣವೆಂದು ಮರಣವಿಚಾರಣೆಯ ಅಧಿಕಾರಿಗಳು 2020ರ ಡಿಸೆಂಬರದಲ್ಲಿ ನಿರ್ಣಯವಿತ್ತರು. ಹಣ ಕೊಟ್ಟು ಬೇರೆ ಗಾಳಿಯನ್ನು ತರಿಸಿಕೊಳ್ಳುವದು ಬಡವರಿಗಿರಲಿ, ಸಿರಿವಂತರಿಗೂ ಸಾಧ್ಯವಿಲ್ಲ. ಆದುದರಿಂದ ಸುಂಕದ ತತ್ತ್ವವು ಯೋಗ್ಯವೆಂದೇ ನಮ್ಮ ಮತವು.

ದೋಷವಿದ್ದದ್ದು ಅದನ್ನು ತಂದ ರೀತಿಯಲ್ಲಿ. ಇಡೀ ನಗರಕ್ಕೆ ಸುಂಕವನ್ನು ಹಬ್ಬಿಸುವೆನೆಂದು ಖಾನರು 2021ರ ಚುನಾವಣೆಯ ಪ್ರಣಾಲಿಕೆಯಲ್ಲಿ ಹೇಳಿರಲಿಲ್ಲ. ಬಳಿಕ ಜನಾಭಿಪ್ರಾಯವನ್ನು ಕೇಳಿದಾಗ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಬೇಡವೆಂದರು. ಆದರೂ ಯೋಜನೆಯು ಮುಂದುವರಿಯಿತು. 2023ರ ಜುಲೈದಲ್ಲಿ ಅಕ್ಸಬ್ರಿಜ್ ಕ್ಷೇತ್ರದ ಉಪಚುನಾವಣೆಯಲ್ಲಿ ಅವರ ಲೇಬರ್ ಪಕ್ಷವು ಕೇವಲ 495 ಮತಗಳಿಂದ ಸೋತು, ಸೋಲಿಗೆ ಈ ಸುಂಕವೇ ಕಾರಣವೆಂಬ ಗುಲ್ಲೆದ್ದ ಮೇಲೆಯೇ ಹಳೆಯ ವಾಹನಗಳನ್ನು ಮುರಿಸುವವರಿಗೆ ಕೊಡುವ ನೆರವಿನ ನಿಧಿಯು 16 ಕೋಟಿ ಪೌಂಡುಗಳಿಗೆ ಏರಿ, ಎಲ್ಲ ನಿವಾಸಿಗಳಿಗೂ ತೆರೆಯಿತು. ಈ ಔದಾರ್ಯವು ಸುಂಕಕ್ಕಿಂತ ಮೊದಲೇ ಬಂದಿದ್ದರೆ ಅರ್ಧ ಜಗಳವು ಹುಟ್ಟುತ್ತಲೇ ಇರಲಿಲ್ಲವೇನೋ!

ಅದೇ ನಗರದ ಮೊದಲಿನ ಮೇಯರ ಕೆನ್ ಲಿವಿಂಗ್‌ಸ್ಟನ್ನರ ನೆನಪು ಇಲ್ಲಿ ಬಾರದಿರದು. 2003ರ ಫೆಬ್ರುವರಿಯಲ್ಲಿ ನಡುನಗರವನ್ನು ಹೊಗುವ ವಾಹನಗಳಿಗೆ ದಿನಕ್ಕೆ ಐದು ಪೌಂಡು ಸುಂಕ ಹಾಕಿದ ಅವರು ಮರುವರುಷವೇ ಪುನಃ ಆರಿಸಿಬಂದರು. 2008ರಲ್ಲಿ ಹೆಚ್ಚು ಹೊಗೆಯ ವಾಹನಗಳಿಗೆ ಇಪ್ಪತ್ತೈದು ಪೌಂಡು ಹಾಕುವೆನೆಂದು ಹೇಳಿ ಕಣಕ್ಕಿಳಿದು ಸೋತರು. ಗೆದ್ದ ಬೋರಿಸ್ ಜಾನ್ಸನ್ನರು ಆ ಯೋಜನೆಯನ್ನು ಕೈಬಿಟ್ಟರು. ಈ ಇತಿಹಾಸವನ್ನು ಬಲ್ಲ ಖಾನರು ಸುಂಕವನ್ನು ಹಿಂದೆಗೆದುಕೊಂಡು ಮತ ಕೇಳಬಹುದಾಗಿತ್ತು. ಗೆದ್ದ ಮೊದಲ ದಿನವೇ ವಿಸ್ತರಣೆಯನ್ನು ರದ್ದು ಮಾಡುವೆನೆಂದು ಪ್ರತಿಸ್ಪರ್ಧಿ ಶ್ರೀಮತಿ ಸೂಸನ್ ಹಾಲರು ಸಾರುತ್ತಿದ್ದರೂ ಅವರು ಹಾಗೆ ಮಾಡಲಿಲ್ಲ. ಇದು ಅವರ ಲೆಕ್ಕದಲ್ಲಿ ಜಮೆಯಾಗತಕ್ಕದ್ದು.

ಇದೇ ಧೈರ್ಯವು ಎಲ್ಲ ಕಡೆಗೂ ಕಾಣುವದಿಲ್ಲ. ಓಡಿಸಿದ ಮೈಲಿಗಿಷ್ಟೆಂದು ಸುಂಕ ಹಾಕುವ ಪದ್ಧತಿಯ ಬಗ್ಗೆ ಒಂದು ಕಾಲಕ್ಕೆ ಒಲವು ತೋರಿದ್ದ ಅವರು, ತಾವು ಮೇಯರರಾಗಿರುವ ವರೆಗೆ ಅದು ಬಾರದೆಂದು ಚುನಾವಣೆಯ ಹೊತ್ತಿಗೆ ಮಾತು ಕೊಟ್ಟರು.

ಶಿಕ್ಷಕ ವಾಚಕರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಲಂಡನ್ನಿನ ಸರಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟವನ್ನು ಪುಕ್ಕಟೆಯಾಗಿ ಕೊಡುವ ಏರ್ಪಾಡನ್ನು ಖಾನರು 2023ರ ಸಪ್ಟಂಬರದಲ್ಲಿ ಆರಂಭಿಸಿ, ತಾವಿರುವ ವರೆಗೆ ಮುಂದುವರಿಸುವೆವೆಂದು ಮತದಾರರಿಗೆ ವಚನವಿತ್ತರು. ಉಳ್ಳವರ ಮಕ್ಕಳಿಗೂ ಪುಕ್ಕಟೆ ಊಟವೇಕೆಂದು ಆಕ್ಷೇಪಿಸಿದವರುಂಟು. ಇಂಥವರು ತರಗತಿಯೊಳಗೆ ನಿಂತು ನೋಡಿದವರಲ್ಲ. 'ಬಡವರ ಮಕ್ಕಳು ಈ ಕಡೆಗೆ' ಎಂದು ಬೇರೆ ಸಾಲು ಮಾಡಿದೊಡನೆ, ಹಸಿದಿದ್ದರೂ ಆ ಸಾಲಿಗೆ ಬಾರದ ಹುಡುಗನನ್ನು ಯಾವ ಮಾಸ್ತರನು ಕಂಡಿಲ್ಲ? ನಮ್ಮ ಸರಕಾರಿ ಶಾಲೆಗಳ ಅಕ್ಷರ ದಾಸೋಹದ ಪಂಕ್ತಿಯಲ್ಲಿ ತಂದೆಯ ವರಮಾನವನ್ನು ಯಾರೂ ವಿಚಾರಿಸುವದಿಲ್ಲ. ಅದರಲ್ಲಿಯೇ ಆ ಊಟದ ರುಚಿಯಿದೆ. ಎಲ್ಲರಿಗೂ ಬಡಿಸಿದ ಅನ್ನಕ್ಕೆ ಖರ್ಚು ಹೆಚ್ಚು, ನಿಜ. ಅದಕ್ಕೆ ನಾಚಿಕೆಯ ಉಪ್ಪಿರುವದಿಲ್ಲ.

ಫಲಿತಾಂಶದಲ್ಲಿ ಖಾನರಿಗೆ 10 ಲಕ್ಷ 88 ಸಾವಿರ ಮತಗಳು ಬಂದವು. ಹಾಲರಿಗೆ 8 ಲಕ್ಷ 11 ಸಾವಿರ. ಸುಂಕದ ಗದ್ದಲವನ್ನು ಕೇಳಿದವರು ಇಷ್ಟು ಅಂತರವನ್ನು ನಿರೀಕ್ಷಿಸಿರಲಾರರು. ಆದರೆ ನೂರಕ್ಕೆ ಸುಮಾರು ನಲವತ್ತು ಮತದಾರರಷ್ಟೇ ಮತಗಟ್ಟೆಗೆ ಬಂದರೆಂಬುದನ್ನು ಮರೆತು ಇದನ್ನು ಇಡೀ ನಗರದ ಒಪ್ಪಿಗೆಯೆನ್ನುವದು ಅತಿಶಯೋಕ್ತಿಯಾದೀತು.

ಕೊನೆಯದಾಗಿ, ಪೌರಸಂಸ್ಥೆಗಳ ಒಡೆತನದ ಬಾಡಿಗೆಮನೆಗಳ ಮಾತು. 2030ರೊಳಗಾಗಿ ಇಂಥ 40 ಸಾವಿರ ಹೊಸ ಮನೆಗಳೆಂದು ಖಾನರು ವಚನವಿತ್ತಿದ್ದಾರೆ. ಸಂಖ್ಯೆಯೂ ದೊಡ್ಡದು, ಅಗತ್ಯವೂ ದೊಡ್ಡದು. ಆದರೆ 2024ರಲ್ಲಿ ದೊರೆತ ಅಧಿಕಾರವು ಮುಗಿಯುವದು 2028ರ ಮೇದಲ್ಲಿ. ಸಾಲದ ವಾಯಿದೆಯನ್ನು ಅಧಿಕಾರದ ವಾಯಿದೆಗಿಂತ ಎರಡು ವರುಷ ಮುಂದಕ್ಕೆ ಬರೆದುಕೊಟ್ಟ ಈ ಪತ್ರವನ್ನು ಮತದಾರರು ಓದಿಯೇ ರುಜು ಹಾಕಿದರೋ, ಓದದೆ ಹಾಕಿದರೋ?